"ಪಪ್ಪಾ ಊಟ ಮಾಡಿದ್ರಾ?" – ಕೇಳಬೇಕಾದ್ದು ಯಾರನ್ನು?

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಕರಾವಳಿಯ ಕ್ಯಾಥೊಲಿಕ್ ಕುಟುಂಬ. ಐವತ್ತು ದಾಟಿದ ಈ ಯಜಮಾನರು ಬಹುಕಾಲ ಗಲ್ಫ್‌ನಲ್ಲಿ ದುಡಿದು ಮನೆ ಕಟ್ಟಿಸಿದವರು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಏಳುವುದಿಲ್ಲ, ಮಾತು ತಡೆತಡೆದು ಬರುತ್ತದೆ. "ಇವರಿಗೆ ಊಟ ಬೇಡ, ಇಗರ್ಜಿಯೂ (ಚರ್ಚ್) ಬೇಡ" ಎನ್ನುತ್ತ ಹೆಂಡತಿ ನನ್ನ ಬಳಿ ಕೌನ್ಸೆಲಿಂಗ್‌ಗೆ ಕರೆತಂದರು. ನಾನು ಗಂಡನನ್ನು ಕೇಳಿದ್ದಕ್ಕೂ ಆಕೆಯೇ ಉತ್ತರ ಕೊಡುತ್ತಿದ್ದರು. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದೆ.

ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪೂಜೆಯಲ್ಲಿ, ದುಡಿಮೆಯೇ ಮನುಷ್ಯನ ಘನತೆ ಎಂದು ಪಾದ್ರಿಯ ಪ್ರಸಂಗದಲ್ಲಿ (ಉಪದೇಶದಲ್ಲಿ) ಅವರು ಕೇಳಿದ್ದರಂತೆ. "ಹಾಗಾದ್ರೆ ಫಾದರ್ ಲೆಕ್ಕದಲ್ಲಿ ನಾನು ಯಾರು?" ಎಂದರು. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. (ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು.) ಬದುಕು ಸಾಕಾಗಿದೆ, ಆದರೆ ಏನೂ ಮಾಡಿಕೊಳ್ಳುವುದಿಲ್ಲ ಎಂದರು.

ಕೌನ್ಸೆಲಿಂಗ್ ಕೋಣೆಯಲ್ಲಿ ನಾನು ಧರ್ಮೋಪದೇಶ ಮಾಡುವುದಿಲ್ಲ. ಆದರೆ ಇವರ ನೋವು ಕೂತಿದ್ದೇ ಧರ್ಮದ ಮಾತಿನಲ್ಲಿ. ಅದನ್ನು ಮುಟ್ಟದೆ ಧೈರ್ಯವಾಗಿರಿ ಎಂದು ಕಳಿಸುವುದರಲ್ಲಿ ಅರ್ಥವಿರಲಿಲ್ಲ. ಪೋಪ್ ಎರಡನೇ ಜಾನ್ ಪೌಲ್ ದುಡಿಮೆಯ ಬಗ್ಗೆ ಬರೆದ 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ಬಹಿರಂಗ ಪತ್ರದಲ್ಲಿ ಹೇಳಿದ್ದು ಇವರು ಕೇಳಿಸಿಕೊಂಡದ್ದಕ್ಕೆ ತಿರುಗುಮುರುಗು: ಮನುಷ್ಯ ಮಾಡುವುದರಿಂದ ಕೆಲಸಕ್ಕೆ ಬೆಲೆ, ಕೆಲಸ ಮನುಷ್ಯನಿಗಾಗಿ, ಮನುಷ್ಯ ಕೆಲಸಕ್ಕಾಗಿ ಅಲ್ಲ. ಅಂಗವಿಕಲರ ಹಕ್ಕುಗಳಿಗೆಂದೇ ಅದರಲ್ಲೊಂದು ಭಾಗವಿದೆ. ಮನುಷ್ಯನ ಘನತೆಯ ಬಗ್ಗೆ ವ್ಯಾಟಿಕನ್ 2024ರಲ್ಲಿ ಹೊರಡಿಸಿದ 'ದಿಗ್ನಿತಾಸ್ ಇನ್ಫಿನಿತಾ' ಇನ್ನೂ ಬಿಡಿಸಿ ಹೇಳುತ್ತದೆ: ದೇವರ ಪ್ರತಿರೂಪವಾಗಿ ಹುಟ್ಟಿದವನ ಘನತೆ ಯಾವ ಸ್ಥಿತಿಯಲ್ಲೂ ಹೋಗದು, ಹೋಯಿತೆಂದು ಅನ್ನಿಸುವಂತೆ ಬದುಕು ಹದಗೆಡಬಹುದು, ಅಷ್ಟೆ.

ಇದನ್ನು ಹೇಳಿದಾಗ ಅವರು ಸೊಟ್ಟಗೆ ನಕ್ಕರು. "ಪತ್ರ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಯಾರೂ ಓದಿಲ್ಲ."

ಆಮೇಲೆ ನಿಜವಾದ ಸಂಗತಿ ಹೊರಬಂತು. ದುಬೈಯಲ್ಲಿರುವ ಮಗ ದಿನಾ ವಿಡಿಯೊ ಕಾಲ್ ಮಾಡುತ್ತಾನೆ. ತೆರೆಯ ಮೇಲೆ ಅಪ್ಪ ಎದುರೇ ಕಾಣುತ್ತಾರೆ. "ಮಮ್ಮಿ, ಪಪ್ಪಾ ಊಟ ಮಾಡಿದ್ರಾ? ಮಾತ್ರೆ ತಗೊಂಡ್ರಾ?" ಎಲ್ಲವೂ ತಾಯಿಗೆ. ತೋಟ ಗೇಣಿಗೆ ಕೊಟ್ಟದ್ದು ಇವರಿಗೆ ಗೊತ್ತಾದದ್ದು ನೆರೆಮನೆಯವರಿಂದ. ಕಾಳಜಿಗೇನೂ ಕೊರತೆಯಿಲ್ಲ. ಹೆಂಡತಿ ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ಳುತ್ತಾರೆ. ಆದರೆ ಇವರನ್ನು ಕೇಳುವ ರೂಢಿ ಮನೆಯಲ್ಲಿ ತಪ್ಪಿಹೋಗಿದೆ.

ಮೊದಲು ಮನೋವೈದ್ಯರ ಬಳಿ ಕಳಿಸಿದೆ. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ, ಅದಕ್ಕೆ ಔಷಧವಿದೆ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಇಬ್ಬರಿಗೂ ಹೇಳಿದೆ. ಹೆಂಡತಿಗೆ ಹೇಳಿದ್ದು: ಪ್ರಶ್ನೆ ಅವರಿಗೇ ಹಾಕಿ, ಉತ್ತರಕ್ಕೆ ಕಾಯಿರಿ, ಅರ್ಧ ಆಡಿದ ಮಾತನ್ನು ನೀವು ಮುಗಿಸಬೇಡಿ. ತೋಟ, ಬ್ಯಾಂಕು, ಔಷಧ, ಯಾವುದೇ ಇರಲಿ, ತೀರ್ಮಾನಕ್ಕೆ ಮುಂಚೆ ಕೇಳಿ. ನಿಮ್ಮ ಸರದಿಯಲ್ಲಿ ಯಾರಾದರೂ ಕೂರಲಿ, ವಾರಕ್ಕೊಂದು ರಾತ್ರಿಯಾದರೂ ನಿದ್ದೆ ಮಾಡಿ. ಗಂಡನಿಗೆ ಹೇಳಿದ್ದು ಇಷ್ಟೇ: ಗೇಣಿಯ ವಿಷಯದಲ್ಲಿ ಸಿಟ್ಟು ಬಂದಿದ್ದರೆ ಹೇಳಿ, ಉಪಕಾರ ಪಡೆಯುವವನು ಸುಮ್ಮನಿರಬೇಕೆಂದೇನಿಲ್ಲ.

ಈಗ ಊಟ ಸೇರುತ್ತಿದೆ. ಇಗರ್ಜಿಗೆ ಇನ್ನೂ ಹೋಗಿಲ್ಲ, ನಾನೂ ಒತ್ತಾಯಿಸಿಲ್ಲ. ಮಗನೊಂದಿಗೆ ಮುಂದಿನ ವಾರ ಫೋನಿನಲ್ಲಿ ಮಾತಾಡಬೇಕು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ.