ರಸ್ತೆ ಬದಿಯ ಆಸ್ಪತ್ರೆ ಬೋರ್ಡುಗಳಲ್ಲಿ ಎಮರ್ಜೆನ್ಸಿ ಇರುವುದು ಯಾವುದು ಅಂತ ತಿಳಿಯುವುದು ಹೇಗೆ?

ಹೊಸದಾಗಿ ಕಾರು ಕಲಿತಿದ್ದೀರಿ. ಅಮ್ಮನಿಗೆ ಹೃದಯದ ತೊಂದರೆ ಇದೆ. ರಾತ್ರಿ ಹೊತ್ತು ಏನಾದರೂ ಆದರೆ ಯಾವ ಬೋರ್ಡು ನೋಡಿಕೊಂಡು ಹೋಗಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಬೋರ್ಡು ನೋಡಿಕೊಂಡೇ ಹೋಗಿದ್ದೆ.

2018ರ ಮಾರ್ಚ್, ಒಂದು ಭಾನುವಾರ. ಸಾತನೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಅಪ್ಪ, ನಾನು, ನನ್ನ ಹೆಂಡತಿ ಬೆಂಗಳೂರಿಗೆ ಹೊರಟೆವು. ಆಗ ಸಂಜೆ 7.15. ಅಪ್ಪ ಹಿಂದಿನ ಸೀಟಿನಲ್ಲಿ ಕೂತು, 'ಎಲೆ ಅಡಿಕೆ ತಟ್ಟೆ ಅಲ್ಲೇ ಮರೆತೆವಲ್ಲೋ' ಅಂದರು. ಆಮೇಲೆ ನಿದ್ದೆಗೆ ಜಾರಿದರು. ಹಾರೋಹಳ್ಳಿಯಲ್ಲಿ ಟೀ ಕುಡಿಯಲು ನಿಂತಾಗ, ಪಾಪ ಮಲಗಲಿ ಅಂತ ನಾವು ಎಬ್ಬಿಸಲಿಲ್ಲ. ಕಗ್ಗಲೀಪುರದಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ತಲಘಟ್ಟಪುರ ಬರುವ ಹೊತ್ತಿಗೆ ಒಂಬತ್ತೂವರೆ. ಹೆಂಡತಿ ನೀರು ಬೇಕಾ ಅಂತ ಕೇಳಿದಾಗ ಅಪ್ಪನ ಮಾತು ತೊದಲಿತು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಮೇಲೆತ್ತಲು ಆಗಲಿಲ್ಲ.

ಲಕ್ವ ಅಂತ ಗೊತ್ತಾಯಿತು. ಎಲ್ಲಿಗೆ ಹೋಗಬೇಕು ಅಂತ ಮಾತ್ರ ಗೊತ್ತಾಗಲಿಲ್ಲ. ಅಷ್ಟರಲ್ಲಿ ನೀಲಿ ಬೋರ್ಡು ಕಂಡಿತು. ಬಿಳಿ ಚೌಕದಲ್ಲಿ ಮಂಚ, ಮೇಲೆ ಕೆಂಪು ಕ್ರಾಸ್, ಕೆಳಗೆ ಎಡಕ್ಕೆ ಬಾಣ. ದೇವರೇ ತೋರಿಸಿದ ಹಾಗೆ ಅನ್ನಿಸಿತು. ಎಡಕ್ಕೆ ತಿರುಗಿಸಿಬಿಟ್ಟೆ.

ನನ್ನ ತಪ್ಪು ಇದೇ. ಆ ಮಂಚದ ಚಿತ್ರ ಹೇಳುವುದು ಒಂದೇ ಮಾತು: ಈ ಕಡೆ ಆಸ್ಪತ್ರೆ ಇದೆ. ರಾತ್ರಿ ಡಾಕ್ಟರ್ ಇರುತ್ತಾರೆ ಅಂತ ಅದು ಹೇಳುವುದಿಲ್ಲ. ಸ್ಕ್ಯಾನಿಂಗ್ ಇದೆ ಅಂತ ಹೇಳುವುದಿಲ್ಲ. ಹೆರಿಗೆ ಆಸ್ಪತ್ರೆಯೋ, ಕಣ್ಣಿನ ಆಸ್ಪತ್ರೆಯೋ, ಹತ್ತು ಹಾಸಿಗೆಯ ನರ್ಸಿಂಗ್ ಹೋಮೋ, ಎಲ್ಲಕ್ಕೂ ಅದೇ ಮಂಚ. ಎಲ್‌ಎಲ್‌ಆರ್ ಪರೀಕ್ಷೆಗೆ ನಾವು ಓದುವ ಚಿಹ್ನೆಗಳಲ್ಲಿ ಆಸ್ಪತ್ರೆಗೆ ಒಂದು, ಪ್ರಥಮ ಚಿಕಿತ್ಸೆಗೆ ಒಂದು ಚಿತ್ರ ಇದೆ, ಅಷ್ಟೇ. ಕ್ಯಾಶುವಾಲ್ಟಿಗೆ, ಅಂದರೆ ಎಮರ್ಜೆನ್ಸಿ ವಿಭಾಗಕ್ಕೆ, ಬೇರೆ ಚಿತ್ರ ಇಲ್ಲ. ನಾನು ಮಾತ್ರ ಆ ಮಂಚದಲ್ಲಿ ಇಲ್ಲದ್ದನ್ನೆಲ್ಲ ಓದಿಕೊಂಡೆ.

ಅದು ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ. ಗೇಟು ತೆಗೆಸಲು ಐದು ನಿಮಿಷ. ವೀಲ್‌ಚೇರ್ ಹುಡುಕಲು ಹತ್ತು ನಿಮಿಷ. ಕೌಂಟರಿನಲ್ಲಿ ಹೆಸರು, ವಯಸ್ಸು, ವಿಳಾಸ ಬರೆಸಿದೆವು. ಡ್ಯೂಟಿ ಡಾಕ್ಟರ್ ಹೆರಿಗೆ ಕೋಣೆಯಲ್ಲಿದ್ದರು. ಅವರು ಕೆಳಗೆ ಬರುವವರೆಗೂ ಕಾದೆವು. ಬಂದವರು ಪಾಪ, ಒಂದೇ ನಿಮಿಷದಲ್ಲಿ ಹೇಳಿದರು: 'ಇಲ್ಲಿ ಸಿಟಿ ಸ್ಕ್ಯಾನ್ ಇಲ್ಲ, ತಡ ಮಾಡಬೇಡಿ, ಕರೆದುಕೊಂಡು ಹೋಗಿ.' ಅವರ ತಪ್ಪೇನೂ ಇಲ್ಲ. ಒಳಗೆ ಹೋದ ತಕ್ಷಣ 'ಸ್ಕ್ಯಾನಿಂಗ್ ಇದೆಯಾ?' ಅಂತ ಗೇಟಿನವನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆಸ್ಪತ್ರೆ ಒಳಗೆ ಬಂದಾಯಿತು, ಇನ್ನು ಅವರು ನೋಡಿಕೊಳ್ಳುತ್ತಾರೆ ಅಂತ ಧೈರ್ಯವಾಗಿ ನಿಂತಿದ್ದೆ. ಒಟ್ಟು 55 ನಿಮಿಷ ಹೋಯಿತು.

ಹೊರಗೆ ಒಬ್ಬ ಆಟೋದವರು ನಿಂತಿದ್ದರು. 'ಸಾರ್, ಇದು ಹೆರಿಗೆ ಆಸ್ಪತ್ರೆ, ಸ್ಟ್ರೋಕಿಗೆ ಇಲ್ಲಿಗ್ಯಾಕೆ ತಂದ್ರಿ? ನನ್ನ ಹಿಂದೆ ಬನ್ನಿ' ಅಂದರು. ಆ ದಾರಿಯಲ್ಲಿ ರಾತ್ರಿ ಹೊತ್ತು ಎಲ್ಲಿ ಸ್ಕ್ಯಾನ್ ಮಾಡುತ್ತಾರೆ, ಯಾವ ಗೇಟಿನಿಂದ ಒಳಗೆ ಹೋಗಬೇಕು, ಅವರಿಗೆ ಎಲ್ಲ ಗೊತ್ತಿತ್ತು. 11.10ಕ್ಕೆ ದೊಡ್ಡ ಆಸ್ಪತ್ರೆ ಮುಟ್ಟಿದೆವು. ಬಾಡಿಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, 'ಕೊನೇ ಸಲ ಇವರು ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ?' ನಾನು ಒಂಬತ್ತೂವರೆ ಅಂದೆ. 'ಅದು ನೀವು ನೋಡಿದ ಹೊತ್ತು. ನಿದ್ದೆಯಲ್ಲಿ ಯಾವಾಗ ಆಯಿತೋ ಯಾರಿಗೆ ಗೊತ್ತು? ಚೆನ್ನಾಗಿದ್ದದ್ದು ಯಾವಾಗ?' ಅಂದರು. 7.15. ಎಲೆ ಅಡಿಕೆ ತಟ್ಟೆಯ ಮಾತು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ರೋಗಿ ಕೊನೇ ಸಲ ಚೆನ್ನಾಗಿದ್ದ ಹೊತ್ತಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಮೆದುಳಿನಲ್ಲಿ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ನಮ್ಮ ಗಡುವು 11.45. ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಮುಗಿದಾಗ 12ರ ಹತ್ತಿರ. 'ಒಂದು ಗಂಟೆ ಮುಂಚೆ ಬಂದಿದ್ದರೆ ಕೊಡಬಹುದಿತ್ತು' ಅಂದರು. ಆ ಒಂದು ಗಂಟೆಯನ್ನು ನಾನು ಎಲ್ಲಿ ಕಳೆದೆ ಅಂತ ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಅಪ್ಪ ಉಳಿದರು. ಮಾತು ಬಹಳ ಮಟ್ಟಿಗೆ ವಾಪಸ್ ಬಂತು. ಬಲಗೈ ಬರಲಿಲ್ಲ. ನಲವತ್ತು ವರ್ಷ ಟೈಲರ್ ಆಗಿದ್ದವರು ಕತ್ತರಿ ಹಿಡಿಯಲಾರರು.

ಈಗ ನಿಮ್ಮ ವಿಷಯ. ಬೋರ್ಡು ಕಲಿಯಿರಿ, ಬೇಡ ಅನ್ನುವುದಿಲ್ಲ. ತ್ರಿಕೋನ ಎಚ್ಚರಿಕೆ, ದುಂಡಗಿನದು ಆಜ್ಞೆ, ನೀಲಿ ಚೌಕ ಅಥವಾ ಆಯತ ಮಾಹಿತಿ. ಮಂಚ ಇದ್ದರೆ ಆಸ್ಪತ್ರೆ. ಬರೀ ಕೆಂಪು ಕ್ರಾಸ್ ಇದ್ದರೆ ಪ್ರಥಮ ಚಿಕಿತ್ಸೆ, ಅಲ್ಲಿಗೆ ಹೃದಯದ ರೋಗಿಯನ್ನು ಒಯ್ಯಬೇಡಿ. ಹಾರ್ನ್ ಚಿತ್ರಕ್ಕೆ ಗೀಟು ಹಾಕಿದ ಕೆಂಪು ವೃತ್ತ ಕಂಡರೆ ಆಸ್ಪತ್ರೆ ಬಂತು ಅಂದುಕೊಳ್ಳುವವರಿದ್ದಾರೆ. ಅದು ಹಾರ್ನ್ ಮಾಡಬೇಡಿ ಅಂತ ಹೇಳುತ್ತದೆ, ಅಷ್ಟೇ. ಹಾರ್ನ್ ಮಾಡಬಾರದ ಸೈಲೆನ್ಸ್ ಜೋನ್ ಆಸ್ಪತ್ರೆಗೆ ಮಾತ್ರ ಅಲ್ಲ, ಶಾಲೆ, ಕೋರ್ಟುಗಳ ಸುತ್ತ 100 ಮೀಟರಿಗೂ ಇರುತ್ತದೆ. ಎಮರ್ಜೆನ್ಸಿ ಅಂತ ಕೆಂಪು ಅಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಆಸ್ಪತ್ರೆಯ ಗೇಟಿನ ಹತ್ತಿರ. ಅದು ಕಾಣುವ ಹೊತ್ತಿಗೆ ನೀವು ಎಲ್ಲಿಗೆ ಹೋಗಬೇಕು ಅಂತ ಆಗಲೇ ತೀರ್ಮಾನ ಮಾಡಿ ಆಗಿರುತ್ತದೆ.

ಅದಕ್ಕೇ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಬೋರ್ಡು ಅನ್ನುವ ಪ್ರಶ್ನೆಯೇ ಸರಿಯಿಲ್ಲ. ದಾರಿಯಲ್ಲಿ ಆಸ್ಪತ್ರೆ ಹುಡುಕುವ ಸ್ಥಿತಿಯೇ ಬರಬಾರದು. ಅಮ್ಮನ ಕಾಯಿಲೆ ಏನು ಅಂತ ನಿಮಗೆ ಇವತ್ತೇ ಗೊತ್ತಿದೆ, ಅಲ್ವಾ? ಹಾಗಾದರೆ ಆಸ್ಪತ್ರೆಯನ್ನೂ ಇವತ್ತೇ ಗೊತ್ತು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ ಇದೆ. ಮೆದುಳು, ನರಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್. ಅಪಘಾತ, ಮೂಳೆಗೆ ಜಯನಗರದ ಕಡೆ ಸಂಜಯ್ ಗಾಂಧಿ ಆಸ್ಪತ್ರೆ. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ. ನಿಮ್ಮ ಮನೆಗೆ ಇವು ದೂರವಾದರೆ ಹತ್ತಿರದ ಎರಡು ಆಸ್ಪತ್ರೆಗೆ ಫೋನ್ ಮಾಡಿ. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ಇರುತ್ತಾರಾ, ಹಾರ್ಟ್ ಅಟ್ಯಾಕ್ ಆದರೆ ಆಗಲೇ ಆಂಜಿಯೋಪ್ಲಾಸ್ಟಿ (ಹೃದಯದ ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ) ಮಾಡುತ್ತೀರಾ, ಇಷ್ಟು ಕೇಳಿದರೆ ಸಾಕು. 'ಬನ್ನಿ ಸಾರ್, ನೋಡೋಣ' ಅಂತ ಹೇಳಿದರೆ ಅದು ಉತ್ತರವಲ್ಲ. ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ.

ಇನ್ನೊಂದು. ಅಮ್ಮನ ಜೊತೆ ನೀವೊಬ್ಬರೇ ಇದ್ದರೆ ಕಾರು ತೆಗೆಯಲೇಬೇಡಿ. ಹಿಂದಿನ ಸೀಟಿನಲ್ಲಿ ಅಮ್ಮ ನರಳುತ್ತಿದ್ದರೆ ರಸ್ತೆ ಮೇಲೆ ಗಮನ ಇರುವುದಿಲ್ಲ. ಹೊಸದಾಗಿ ಕಲಿತವರಿಗಂತೂ ಕೈ ನಡುಗುತ್ತದೆ. 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿದೆ, ಉಚಿತ. 112 ಕೂಡ ಇದೆ. ನಾನು ಅವತ್ತು ಕಾರು ಪಕ್ಕಕ್ಕೆ ಹಾಕಿ ಒಂದು ಫೋನ್ ಮಾಡಿ, ಲಕ್ವ ಹೊಡೆದಿದೆ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದರೆ ಸಾಕಿತ್ತು. ನಿಂತರೆ ತಡವಾಗುತ್ತದೆ ಅಂತ ಓಡಿಸಿದೆ.

ಆಸ್ಪತ್ರೆ ಗೊತ್ತು ಮಾಡಿಕೊಂಡ ಮೇಲೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಮನೆಯಿಂದ ಅಲ್ಲಿಗೆ ಸುಮ್ನೆ ಓಡಿಸಿಕೊಂಡು ಹೋಗಿ ಬನ್ನಿ. ಹಗಲು ಬೇಡ. ಹಗಲಿನ ಗೇಟು ರಾತ್ರಿ ಮುಚ್ಚಿರಬಹುದು. ಎಲ್ಲಿ ಒನ್‌ವೇ, ಎಲ್ಲಿ ಯೂ ಟರ್ನ್, ಕ್ಯಾಶುವಾಲ್ಟಿ ಬಾಗಿಲಿನ ತನಕ ಕಾರು ಹೋಗುತ್ತದಾ, ಎಲ್ಲ ನೋಡಿಕೊಳ್ಳಿ. ದಾರಿಯಲ್ಲಿ ಮಂಚದ ಬೋರ್ಡುಗಳೂ ಕಾಣುತ್ತವೆ. ಅವು ಯಾವ ಆಸ್ಪತ್ರೆಯವು ಅಂತ ಅದೇ ರಾತ್ರಿ ವಿಚಾರಿಸಿಕೊಂಡು ಬನ್ನಿ. ನಿಮ್ಮ ಏರಿಯಾ ಯಾವುದು ಅಂತ ಬರೆದಿಲ್ಲ. ಕನಕಪುರ ರಸ್ತೆ, ಬನಶಂಕರಿ ಕಡೆಯವರಾದರೆ ತಿಳಿಸಿ, ಆ ಕಡೆಯ ಪ್ರತಿ ಗೇಟೂ ನನಗೆ ಗೊತ್ತು.