ಭೂತಾನಿನ ಶಾಲೆಯಲ್ಲಿ ಎರಡು ವರ್ಷ: ನಾಲ್ಕು ಸೋನಂ, ಒಂದು ಗಂಟು ಅಡಿಕೆ

ಭೂತಾನಿನಲ್ಲಿ ಶಿಕ್ಷಕರ ಕೆಲಸಕ್ಕೆ ಹೊರಟಿದ್ದೀರಿ, ಅಲ್ಲಿ ದಿನನಿತ್ಯ ಯಾವುದು ಹೊಸದಾಗಿ ಕಾಣುತ್ತದೆ ಎಂದು ಕೇಳಿದ್ದೀರಿ. ಪೂರ್ವ ಭೂತಾನಿನ ತ್ರಾಶಿಗಾಂಗ್ ಕಡೆಯ ಒಂದು ಶಾಲೆಯಲ್ಲಿ ನಾನು ಎರಡು ವರ್ಷ ಗಣಿತ ಕಲಿಸಿದೆ. ನನ್ನ ಊರು ತೀರ್ಥಹಳ್ಳಿ ಹತ್ತಿರ.

ಮೊದಲ ಅಚ್ಚರಿ ಹಾಜರಿ ಪುಸ್ತಕದಲ್ಲೇ ಇತ್ತು. ಒಂದೇ ತರಗತಿಯಲ್ಲಿ ನಾಲ್ಕು ಜನ ಸೋನಂ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಕರ್ಮ, ಪೆಮಾ, ಕಿನ್ಲೆ ಹೀಗೆ ಎಷ್ಟೋ ಹೆಸರುಗಳನ್ನು ಗಂಡು ಹೆಣ್ಣು ಇಬ್ಬರಿಗೂ ಇಡುತ್ತಾರೆ. ಹೆಚ್ಚಾಗಿ ಹೆಸರಿಡುವುದು ಲಾಮಾ. ಮನೆತನದ ಹೆಸರು ಬಹಳ ಜನಕ್ಕೆ ಇಲ್ಲವೇ ಇಲ್ಲ. ಸೋನಂ ದೋರ್ಜಿಯ ಅಪ್ಪನ ಹೆಸರಿನಲ್ಲಿ ದೋರ್ಜಿ ಇರಬೇಕು ಅಂತೇನಿಲ್ಲ. ನಾವು ಇನಿಶಿಯಲ್ ನೋಡಿಯೇ ಊರು, ಮನೆ ಹುಡುಕುವವರು ಅಲ್ವಾ? ನನ್ನ ತರಗತಿಯ ಹುಡುಗ, ಪಕ್ಕದ ತರಗತಿಯ ಹುಡುಗಿ ಅಣ್ಣ ತಂಗಿ ಅಂತ ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ.

ಮಕ್ಕಳು ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, ಬಗ್ಗಿ ನಮಸ್ಕರಿಸುತ್ತಾರೆ. ಮಾತಿನ ಕೊನೆಗೆ 'ಲಾ' ಸೇರಿಸುತ್ತಾರೆ. "ಯೆಸ್ ಮೇಡಂ ಲಾ" ಅನ್ನುತ್ತಾರೆ. ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಗೆ. ಪಾಠವೆಲ್ಲ ಇಂಗ್ಲಿಷಿನಲ್ಲೇ, ಅಲ್ಲಿಯ ರಾಷ್ಟ್ರಭಾಷೆ ಜೋಂಗ್ಖಾ ಒಂದನ್ನು ಬಿಟ್ಟು. ಹಾಗಾಗಿ ಭಾಷೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೌನ. "ಅರ್ಥ ಆಯ್ತಾ?" ಅಂದರೆ ಇಡೀ ತರಗತಿ "ಯೆಸ್ ಮೇಡಂ". ಪರೀಕ್ಷೆಯಲ್ಲಿ ನೋಡಿದರೆ ಅರ್ಧ ಜನಕ್ಕೆ ಭಿನ್ನರಾಶಿಯೇ ಬರುತ್ತಿಲ್ಲ. ಅರ್ಥವಾಗಲಿಲ್ಲ ಎಂದರೆ ಕಲಿಸಿದವರಲ್ಲೇ ತಪ್ಪು ಹುಡುಕಿದ ಹಾಗೆ ಆಗುತ್ತದೆಂದು ಅವರು ಸುಮ್ಮನಿರುತ್ತಿದ್ದರು. ಇದನ್ನು ನನಗೆ ಬಿಡಿಸಿ ಹೇಳಿದ್ದು ಅಲ್ಲಿಯವರೇ ಆದ ಒಬ್ಬ ಸಹಶಿಕ್ಷಕಿ. ಆಮೇಲೆ ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಪಾಠ ಮುಗಿದ ಕೂಡಲೇ ಹೆಸರಿಲ್ಲದ ಚೀಟಿಯಲ್ಲಿ ಒಂದು ಲೆಕ್ಕ ಮಾಡಿ ಕೊಡಿ ಎನ್ನುತ್ತಿದ್ದೆ. ಮೊದಲ ವಾರದ ಚೀಟಿಗಳನ್ನು ನೋಡಿ ಭಿನ್ನರಾಶಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ನೀವು ಹೋದ ದಿನದಿಂದಲೇ ಹೀಗೆ ಮಾಡಿ. ನಾನು ಒಂದು ಟರ್ಮ್ ಕಳೆದುಕೊಂಡೆ.

ಬಟ್ಟೆ ವಿಷಯ ಬೇಗ ಅಭ್ಯಾಸವಾಗುತ್ತದೆ. ಹುಡುಗರಿಗೆ ಮೊಣಕಾಲಿನವರೆಗಿನ ನಿಲುವಂಗಿ ಘೋ, ಹುಡುಗಿಯರಿಗೆ ಪಾದದವರೆಗೆ ಸುತ್ತಿ ಉಡುವ ಕಿರಾ, ಅದೇ ಸಮವಸ್ತ್ರ. ಹಬ್ಬದ ದಿನ ನನಗೂ ಕಿರಾ ಉಡಿಸಿ, ಎಡ ಹೆಗಲಿಗೆ ರಾಚು ಎಂಬ ಶಲ್ಯ ಹಾಕಿದರು. ಮೇ 2 ಅಲ್ಲಿ ಶಿಕ್ಷಕರ ದಿನ, ಮೂರನೇ ದೊರೆ ಜಿಗ್ಮೆ ದೋರ್ಜಿ ವಾಂಗ್ಚುಕ್ ಹುಟ್ಟಿದ ದಿನ. ಅವತ್ತು ಮಕ್ಕಳೇ ಹಾಡಿ ಕುಣಿದು ನಮ್ಮನ್ನು ಕೂರಿಸಿ ಉಪಚಾರ ಮಾಡುತ್ತಾರೆ.

ಊಟಕ್ಕೆ ಕರೆದರೆ ಒಂದು ವಿಷಯ ನೆನಪಿರಲಿ. ಬಡಿಸಲು ಬಂದಾಗ ಅಲ್ಲಿಯವರು ಕೈಯಿಂದ ಬಾಯಿ ಮುಚ್ಚಿಕೊಂಡು "ಮೇಶು ಮೇಶು" ಅನ್ನುತ್ತಾರೆ, ಬೇಡ ಬೇಡ ಅಂತ. ಎರಡು ಮೂರು ಸಲ ಒತ್ತಾಯ ಮಾಡಿದ ಮೇಲೆ ಬಡಿಸಿಕೊಳ್ಳುತ್ತಾರೆ. ನಮ್ಮ ಮಲೆನಾಡಿನ ಮನೆಗಳ ಉಪಚಾರವೂ ಹೀಗೇ ಅಲ್ವಾ, ನನಗೆ ಇದು ತುಂಬಾ ಇಷ್ಟವಾಯಿತು. ಎಮಾ ದಾತ್ಶಿಯಲ್ಲಿ ಮೆಣಸಿನಕಾಯಿಯೇ ತರಕಾರಿ, ಚೀಸ್ ಜೊತೆ ಬೇಯಿಸುತ್ತಾರೆ. ಮೊದಲ ವಾರ ಸ್ವಲ್ಪವೇ ಹಾಕಿಸಿಕೊಳ್ಳಿ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ದೋಮಾ. ಎಲೆ, ಸುಣ್ಣ, ಅಡಿಕೆ. ಅಷ್ಟು ದೂರ ಹೋದರೂ ನಮ್ಮ ತೋಟದ ಬೆಳೆಯೇ ಎದುರಿಗೆ! ಆದರೆ ಅವರು ಅಡಿಕೆಯನ್ನು ಸಿಪ್ಪೆ ಸಮೇತ ತೇವದಲ್ಲಿಟ್ಟು ಹದ ಮಾಡುತ್ತಾರೆ, ಘಾಟು ಜಾಸ್ತಿ. ಅದರ ವಾಸನೆ ಬಡಿದಾಗ ಅಜ್ಜಿ ಮಳೆಗಾಲಕ್ಕೆ ನೀರಿನಲ್ಲಿ ಹಾಕಿಡುತ್ತಿದ್ದ ಅಡಿಕೆ ನೆನಪಾಗಿ ಕಣ್ಣು ತುಂಬಿತು. ಚಳಿಗಾಲದ ರಜೆಗೆ ಊರಿಗೆ ಬಂದವಳು ಒಂದು ಗಂಟು ಒಣ ಅಡಿಕೆ ಕೊಂಡೊಯ್ದು ಆ ಸಹಶಿಕ್ಷಕಿಯ ಅಮ್ಮನಿಗೆ ಕೊಟ್ಟೆ. ಎರಡೂ ಕೈ ಚಾಚಿ ತೆಗೆದುಕೊಂಡರು. ಒಂದು ಹೋಳು ಅಗಿದು, ಮಗಳ ಕಡೆ ತಿರುಗಿ ಏನೋ ಹೇಳಿದರು. "ವಾಸನೆ ಇಲ್ಲ, ಆದರೆ ಗಟ್ಟಿ ಅಡಿಕೆ, ಅಂತಾರೆ" ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮುಂದಿನ ರಜೆಗೆ ಹೊರಟಾಗ ಆ ಅಮ್ಮ ಶಾಲೆಯ ಗೇಟಿನ ತನಕ ಬಂದು ಖಾಲಿ ಚೀಲವೊಂದನ್ನು ನನ್ನ ಕೈಗಿಟ್ಟರು.