ಸುಮ್ನೆ ಕ್ಷಮಿಸಬಹುದಿತ್ತಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಯೇಸುವಿನ ಶಿಲುಬೆ ಮರಣದ ಬಗ್ಗೆ, ಮನುಷ್ಯರ ಪಾಪ ಕ್ಷಮೆಗಾಗಿ ಅವರು ಸತ್ತರು ಅನ್ನುವ ಕ್ರೈಸ್ತ ನಂಬಿಕೆಯ ಬಗ್ಗೆ. ಕೆಲವರು ಕುತೂಹಲದಿಂದ ಕೇಳಿದ್ದಾರೆ, ಕೆಲವರು ಸಿಟ್ಟಿನಿಂದ, ಒಬ್ಬರು ತುಂಬಾ ನೋವಿನಿಂದ. ಆ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ದೇವರು ಪ್ರೀತಿಯೇ ಆಗಿದ್ದಾರೆ ಅಂತೀರಿ, ಸರ್ವಶಕ್ತರು ಅಂತೀರಿ. ಹಾಗಿದ್ದರೆ ಮನುಷ್ಯರ ಪಾಪವನ್ನು ಸುಮ್ನೆ ಕ್ಷಮಿಸಬಹುದಿತ್ತಲ್ಲ? ನಡುವೆ ಒಂದು ಸಾವು ಯಾಕೆ ಬೇಕಿತ್ತು?

ಉತ್ತರ: ಸುಮ್ನೆ ಕ್ಷಮಿಸೋದು ಅಂತ ಒಂದು ಇದೆಯಾ ಅಂತ ಮೊದಲು ನೋಡೋಣ. ಸಣ್ಣಪುಟ್ಟ ತಪ್ಪಿಗೆ ‘ಹೋಗ್ಲಿ ಬಿಡಿ’ ಅಂದರೆ ಮುಗಿಯಿತು. ಆದರೆ ನಿಮ್ಮನ್ನು ನಂಬಿಸಿ ಮೋಸ ಮಾಡಿದವರನ್ನು, ನಾಲ್ಕು ಜನರ ಮುಂದೆ ನಿಮ್ಮ ಮಾನ ಕಳೆದವರನ್ನು ಕ್ಷಮಿಸಬೇಕಾಗಿ ಬಂದಾಗ ಗೊತ್ತಾಗುತ್ತದೆ, ಆದ ನಷ್ಟ ಎಲ್ಲಿಗೂ ಮಾಯವಾಗೋದಿಲ್ಲ ಅಂತ. ಸೇಡು ತೀರಿಸಿಕೊಂಡರೆ ಅದನ್ನು ಅವರ ತಲೆಗೆ ಕಟ್ಟುತ್ತೀರಿ. ಕ್ಷಮಿಸಿದರೆ ನೀವೇ ನುಂಗಿಕೊಳ್ಳುತ್ತೀರಿ. ದೊಡ್ಡ ತಪ್ಪಿಗೆ ಮೂರನೆಯ ದಾರಿ ನನಗಂತೂ ಕಂಡಿಲ್ಲ.

ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಿವೆ. ಅವುಗಳಲ್ಲಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಹೇಳುತ್ತಾರೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಆ ಕಾಲದಲ್ಲಿ ಕೂಲಿಯವನ ಒಂದು ದಿನದ ಸಂಪಾದನೆ ಒಂದು ದಿನಾರಿ, ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿ ನೋಡಿ, 6 ಕೋಟಿ ದಿನದ ಕೂಲಿ! ಎಷ್ಟು ಜನ್ಮ ದುಡಿದರೂ ತೀರದ ಸಾಲ. ಅರಸ ಕನಿಕರಪಟ್ಟು ಬಿಟ್ಟುಬಿಟ್ಟ. ಬಿಟ್ಟ ಹಣ ಯಾರ ಖಜಾನೆಯಿಂದ ಹೋಯಿತು? ಅರಸನ ಖಜಾನೆಯಿಂದಲೇ ಅಲ್ವಾ? ಶಿಲುಬೆಯಲ್ಲಿ ಆದದ್ದು ಇದೇ ಅಂತ ಕ್ರೈಸ್ತರು ನಂಬುತ್ತಾರೆ. ನಷ್ಟವನ್ನು ದೇವರೇ ತಮ್ಮ ಮೇಲೆ ಹಾಕಿಕೊಂಡರು.

ಇನ್ನೊಂದು ವಿಷಯವೂ ಇದೆ. ಪಾಪ ಅಂದಾಗ ನಾವು ಪಾಪ ಮಾಡಿದವನನ್ನು ಮಾತ್ರ ನೆನೆಯುತ್ತೇವೆ. ಅದರಿಂದ ಪೆಟ್ಟು ತಿಂದವರು ಇದ್ದಾರೆ. ದೇವರು ಕೈ ಬೀಸಿ ‘ಅದೇನೂ ದೊಡ್ಡದಲ್ಲ’ ಅಂದಿದ್ದರೆ, ಆ ಪೆಟ್ಟು ತಿಂದವರ ನೋವಿಗೆ ಬೆಲೆಯೇ ಇಲ್ಲ ಅಂದ ಹಾಗೆ ಆಗುತ್ತಿತ್ತು. ತಪ್ಪು ತಪ್ಪೇ, ಅದರ ಭಾರ ನಿಜವೇ, ಆದರೂ ತಪ್ಪಿತಸ್ಥನನ್ನು ಕೈಬಿಡೋದಿಲ್ಲ, ಈ ಮೂರೂ ಮಾತು ಒಟ್ಟಿಗೆ ನಿಲ್ಲುವ ಜಾಗ ಶಿಲುಬೆ.

ಇದು ಹೇಗೆ ಸಾಧ್ಯವಾಯಿತು ಅನ್ನೋದಕ್ಕೆ ಒಂದೇ ವಿವರಣೆ ಇಲ್ಲ. 325ರಲ್ಲಿ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ ನೈಸಿಯಾ ಮಹಾಸಭೆ ‘ನಮ್ಮ ರಕ್ಷಣೆಗಾಗಿ’ ಅಂತ ಹೇಳಿ ಸುಮ್ಮನಾಯಿತು, ಹೇಗೆ ಅಂತ ಬಿಡಿಸಲಿಲ್ಲ. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಪುಸ್ತಕದಲ್ಲಿ, ಮನುಷ್ಯರು ದೇವರಿಗೆ ಸಲ್ಲಿಸಬೇಕಾಗಿದ್ದ ಗೌರವದ ಋಣವನ್ನು ಕ್ರಿಸ್ತರು ತೀರಿಸಿದರು ಅಂದರು. ಅವರ ನಂತರದ ಫ್ರಾನ್ಸಿನ ಚಿಂತಕ ಪೀಟರ್ ಅಬೆಲಾರ್ಡ್, ಅಂಥ ಪ್ರೀತಿ ಕಂಡು ನಮ್ಮ ಕಲ್ಲುಹೃದಯ ಕರಗುತ್ತದೆ ಅನ್ನೋದಕ್ಕೆ ಒತ್ತು ಕೊಟ್ಟರು. 1930ರಲ್ಲಿ ಸ್ವೀಡನ್ನಿನ ದೇವಶಾಸ್ತ್ರಜ್ಞ ಗುಸ್ತಾಫ್ ಔಲೆನ್, ಆದಿ ಸಭೆಯವರು ಅಂದರೆ ಮೊದಲ ಶತಮಾನಗಳ ಕ್ರೈಸ್ತರು ಇದನ್ನು ಸಾವು ಮತ್ತು ಕೇಡಿನ ಮೇಲೆ ದೇವರ ಗೆಲುವು ಅಂತ ಕಾಣುತ್ತಿದ್ದರು ಅಂತ ನೆನಪಿಸಿದರು. ನನ್ನ ಮನಸ್ಸಿಗೆ ಹತ್ತಿರ ಅಬೆಲಾರ್ಡ್. ಆದರೆ ಅವರೊಬ್ಬರ ಮಾತೇ ಸಾಲದು, ಯಾಕಂದರೆ ನಮ್ಮ ಮನಸ್ಸು ಕರಗಿದ ಮಾತ್ರಕ್ಕೆ ಆಗಿಹೋದ ಅನ್ಯಾಯ ಸರಿಹೋಗೋದಿಲ್ಲ.

ಪ್ರಶ್ನೆ: ಸ್ವಂತ ಮಗನನ್ನು ಸಾಯಲು ಬಿಟ್ಟ ತಂದೆಯನ್ನು ಪ್ರೀತಿಯ ತಂದೆ ಅನ್ನೋದು ಹೇಗೆ? ನನಗೆ ಇದು ಕ್ರೌರ್ಯದ ಹಾಗೆ ಕಾಣುತ್ತದೆ.

ಉತ್ತರ: ನಿಮಗೆ ಹಾಗೆ ಕಂಡರೆ ತಪ್ಪು ನಿಮ್ಮದಲ್ಲ. ಎಷ್ಟೋ ಪ್ರಸಂಗಗಳೇ ಹಾಗೆ ಇರುತ್ತವೆ. ರೈಲು ಸೇತುವೆಯ ಕಾವಲುಗಾರನ ಕಥೆ ನೀವೂ ಕೇಳಿರಬಹುದು. ರೈಲಿನಲ್ಲಿರುವ ನೂರಾರು ಜನರನ್ನು ಉಳಿಸಲು ಅವನು ಸೇತುವೆ ಇಳಿಸುತ್ತಾನೆ, ಯಂತ್ರದ ನಡುವೆ ಸಿಕ್ಕಿಕೊಂಡ ತನ್ನ ಮಗ ಸಾಯುತ್ತಾನೆ. ಕೇಳಿದವರು ಅಳುತ್ತಾರೆ. ಆದರೆ ಆ ಕಥೆಯಲ್ಲಿ ಮಗನಿಗೆ ಏನೂ ಗೊತ್ತಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಶುಭಸಂದೇಶದ ಯೇಸು ಹಾಗಲ್ಲ. ‘ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಸಿದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ’ ಎಂಬ ಅರ್ಥದ ಮಾತು ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ಆ ಕಥೆಯನ್ನು ಬೋಧಕರು ಇನ್ನಾದರೂ ಕೈಬಿಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಸಿಟ್ಟಿನ ತಂದೆ ಒಬ್ಬ, ಏಟು ತಿನ್ನುವ ಮಗ ಇನ್ನೊಬ್ಬ, ಹೀಗೆ ಇಬ್ಬರು ಬೇರೆ ಬೇರೆಯವರ ಹಾಗೆ ಕಲ್ಪಿಸಿಕೊಂಡಾಗ ಇದೆಲ್ಲ ಕ್ರೌರ್ಯವಾಗುತ್ತದೆ. ಕ್ರೈಸ್ತ ನಂಬಿಕೆ ಹೇಳೋದು ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರು ಅಂತ. ಆದಿ ಸಭೆಯ ಬೋಧಕ ಸಂತ ಪೌಲರೂ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಎರಡನೇ ಪತ್ರದಲ್ಲಿ, ದೇವರೇ ಕ್ರಿಸ್ತರಲ್ಲಿದ್ದುಕೊಂಡು ಲೋಕವನ್ನು ತಮ್ಮೊಡನೆ ಸಂಧಾನ ಮಾಡಿಕೊಂಡರು ಅನ್ನುತ್ತಾರೆ. ಬೇರೆ ಯಾರನ್ನೋ ಮುಂದೆ ತಳ್ಳಿ ದೇವರು ಹಿಂದೆ ನಿಂತಿಲ್ಲ.

ರಕ್ತ ಬಿದ್ದ ಮೇಲೆ ದೇವರ ಮನಸ್ಸು ಕರಗಿತು ಅಂತ ಬೈಬಲ್ ಎಲ್ಲೂ ಹೇಳೋದಿಲ್ಲ. ಪ್ರೀತಿ ಮೊದಲು, ಕೊಟ್ಟದ್ದು ಆಮೇಲೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಸತ್ತರು, ದೇವರ ಪ್ರೀತಿಗೆ ಇದೇ ಸಾಕ್ಷಿ ಅನ್ನುತ್ತದೆ ಪೌಲರು ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯ. 4ನೇ ಶತಮಾನದಲ್ಲೇ ನಾಝಿಯಾನ್ಝದ ಗ್ರೆಗರಿ ಎಂಬ ಧರ್ಮಾಧ್ಯಕ್ಷರು ನಿಮ್ಮ ಹಾಗೆಯೇ ಕೇಳಿದ್ದರು. ಆ ರಕ್ತ ಯಾರಿಗೆ ಸಂದಾಯವಾಯಿತು? ಸೈತಾನನಿಗೆ ಅನ್ನೋದು ನಾಚಿಕೆಗೇಡು. ತಂದೆಗೆ ಅನ್ನೋಣ ಅಂದರೆ, ಅಬ್ರಹಾಮ ಮಗ ಇಸಾಕನನ್ನು ಒಪ್ಪಿಸಲು ಹೋದಾಗ ಅದನ್ನೇ ಬೇಡ ಅಂದ ದೇವರಿಗೆ ತಮ್ಮ ಮಗನ ರಕ್ತದಿಂದ ಸಂತೋಷ ಯಾಕೆ? ಹದಿನಾರು ಶತಮಾನಗಳ ಹಿಂದಿನ ಪ್ರಶ್ನೆ ಇದು! ಹಾಗಾಗಿ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಸತ್ತ ಮೂರನೇ ದಿನ ಎದ್ದು ಬರುತ್ತೇನೆ ಅಂತ ಯೇಸುವಿಗೆ ಗೊತ್ತಿದ್ದರೆ ಅದು ತ್ಯಾಗ ಹೇಗಾಗುತ್ತದೆ?

ಉತ್ತರ: ಮುಂದೆ ಒಳ್ಳೆಯದಾಗುತ್ತದೆ ಅಂತ ಗೊತ್ತಿದ್ದರೆ ಈಗಿನ ನೋವು ಇಲ್ಲವಾಗುತ್ತದೆಯೇ? ಯೇಸು ತಾವು ಸಾಯುವ ಹಿಂದಿನ ರಾತ್ರಿ ಶಿಷ್ಯರಿಗೆ ಹೆರಿಗೆ ನೋವಿನ ಮಾತು ಹೇಳಿದರು. ಮಗು ಬರುತ್ತದೆ ಅಂತ ತಾಯಿಗೆ ಗೊತ್ತು, ಆದರೂ ನೋವು ನೋವೇ. ಗೆತ್ಸೆಮನಿ ತೋಟದಲ್ಲಿ ಅವರು ‘ಈ ಪಾತ್ರೆ ನನ್ನಿಂದ ದೂರವಾಗಲಿ’, ಅಂದರೆ ಈ ಯಾತನೆ ತಪ್ಪಲಿ, ಅಂತ ಬೇಡಿದರು. ಶಿಲುಬೆಯ ಮೇಲೆ ‘ನನ್ನ ದೇವರೇ, ನನ್ನ ಕೈಬಿಟ್ಟದ್ದೇಕೆ’ ಅಂತ ಕೂಗಿದರು, ಅದು ಬೈಬಲ್ಲಿನ 22ನೇ ಕೀರ್ತನೆಯ ಮೊದಲ ಸಾಲು. ನಾಟಕ ಆಡುವವರು ಹೀಗೆ ಕೂಗೋದಿಲ್ಲ. ಅವರದು ಬರೀ ತೋರಿಕೆಯ ಶರೀರ ಎಂದವರನ್ನು ಸಭೆ ಬಹಳ ಮೊದಲೇ ತಿರಸ್ಕರಿಸಿತು. 451ರ ಕಾಲ್ಸೆಡಾನ್ ಮಹಾಸಭೆ ಅವರು ಪೂರ್ಣ ದೇವರು, ಪೂರ್ಣ ಮನುಷ್ಯ ಅಂತ ಸಾರಿತು.

ನೋವಿನ ಜೊತೆ ಅವಮಾನವನ್ನೂ ಮರೆಯಬಾರದು. ಶಿಲುಬೆ ಅಂದರೆ ರೋಮನರು ಹೆಚ್ಚಾಗಿ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ನಡೆಸಿದ ಗುಲಾಮರ ದಂಗೆ ಅಡಗಿದ ಮೇಲೆ ಸೆರೆಸಿಕ್ಕ ಸುಮಾರು 6,000 ಜನರನ್ನು ಇಟಲಿಯ ಕಾಪುವಾ ಊರಿನಿಂದ ರೋಮ್ ತನಕ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದ್ದರು. ಯೇಸುವಿಗೆ ಈ ಶಿಕ್ಷೆ ಕೊಟ್ಟ ಪೊಂತಿಯುಸ್ ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಜುದೇಯ ಪ್ರಾಂತ್ಯದ ರೋಮನ್ ರಾಜ್ಯಪಾಲ. ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 2ನೇ ಅಧ್ಯಾಯ, ಕ್ರಿಸ್ತರು ದಾಸನ ರೂಪ ತಾಳಿ ಶಿಲುಬೆಯ ಮರಣದವರೆಗೂ ತಗ್ಗಿದರು ಅಂತ ಹೇಳುವಾಗ ಆ ಕಾಲದ ಕೇಳುಗರ ಕಣ್ಣಮುಂದೆ ಬಂದದ್ದು ಇಂಥ ಗುಲಾಮರ ಸಾವು. ದೇವರು ಅಷ್ಟು ಕೆಳಗೆ ಇಳಿದರು ಅನ್ನೋದು ಅವರಿಗೆ ನಂಬಲಾಗದ ಮಾತಾಗಿತ್ತು.

ಪ್ರಶ್ನೆ: ಗಂಡ ಕುಡಿದು ಹೊಡೆಯುತ್ತಾರೆ. ಸಭೆಯ ಹಿರಿಯರೊಬ್ಬರಿಗೆ ಹೇಳಿಕೊಂಡೆ. ‘ಯೇಸುಸ್ವಾಮಿ ನಮಗಾಗಿ ಎಲ್ಲ ಸಹಿಸಲಿಲ್ಲವೇ, ಇದು ನಿನ್ನ ಶಿಲುಬೆ, ತಾಳಿಕೊಂಡು ಪ್ರಾರ್ಥನೆ ಮಾಡಮ್ಮ’ ಅಂದರು. ಪ್ರೀತಿ ಅಂದರೆ ತ್ಯಾಗ ಅಂತಾದರೆ ನಾನು ಇನ್ನೂ ಎಷ್ಟು ತಾಳಬೇಕು?

ಉತ್ತರ: ತಾಯೀ, ಇನ್ನು ತಾಳಬೇಡಿ. ಮೊದಲು ನೀವು, ಮಕ್ಕಳಿದ್ದರೆ ಮಕ್ಕಳೂ, ಸುರಕ್ಷಿತವಾದ ಜಾಗಕ್ಕೆ ಹೋಗಿ. ನಂಬಿಕೆ ಇರುವ ಒಬ್ಬರಿಗಾದರೂ ಎಲ್ಲ ಹೇಳಿ. ಗಾಯವಾಗಿದ್ದರೆ ವೈದ್ಯರಿಗೆ ತೋರಿಸಿ, ಬರೆಸಿಟ್ಟುಕೊಳ್ಳಿ. ಪೊಲೀಸರ ಹತ್ತಿರ ಹೋಗೋದು ಪಾಪವಲ್ಲ. ಇಷ್ಟು ಮಾಡಿ, ಮುಂದಿನದನ್ನು ಆಮೇಲೆ ನಿಧಾನವಾಗಿ ಓದಿ.

ಆ ಹಿರಿಯರು ಹೇಳಿದ್ದು ತಪ್ಪು. ಒರಟಾಗಿ ಹೇಳುತ್ತಿದ್ದೇನೆ ಅನಿಸಿದರೂ ಪರವಾಗಿಲ್ಲ. ‘ನಿಮ್ಮ ಶಿಲುಬೆ ಹೊತ್ತು ನನ್ನ ಹಿಂದೆ ಬನ್ನಿ’ ಅಂತ ಯೇಸು ಹೇಳಿದ್ದು ತಮ್ಮ ಹಿಂದೆ ಬರಬೇಕು ಅನ್ನುವವರಿಗೆ. ತಮ್ಮ ದಾರಿ ಹಿಡಿದರೆ ಲೋಕದಿಂದ ಬರುವ ಕಷ್ಟದ ಬಗ್ಗೆ ಅವರು ಮಾತಾಡುತ್ತಿದ್ದರು. ಕುಡಿದು ಬಂದವನ ಏಟಿಗೆ ಬೆನ್ನು ಕೊಡಿ ಅನ್ನುವ ಅರ್ಥ ಅದರಲ್ಲಿ ಇಲ್ಲವೇ ಇಲ್ಲ.

ಯೇಸು ಎಲ್ಲ ಏಟನ್ನೂ ಸುಮ್ಮನೆ ತಿಂದರು ಅನ್ನೋದೂ ನಿಜವಲ್ಲ. ನಜರೇತಿನಲ್ಲಿ ಜನ ಅವರನ್ನು ಬೆಟ್ಟದ ಅಂಚಿನಿಂದ ತಳ್ಳಲು ಹೊರಟಾಗ ಅವರು ನಡುವಿನಿಂದ ಹಾದು ಹೊರಟುಹೋದರು. ದೇವಾಲಯದಲ್ಲಿ ಕಲ್ಲು ಎತ್ತಿಕೊಂಡಾಗ ಮರೆಯಾಗಿ ತಪ್ಪಿಸಿಕೊಂಡರು. ಅವರು ಮಗುವಾಗಿದ್ದಾಗ ಅರಸ ಹೆರೋದ ಕೊಲ್ಲಲು ಹುಡುಕಿದ, ತಂದೆತಾಯಿ ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದರು. ಓಡಿಹೋಗಿ ಅಂತ ಕನಸಿನಲ್ಲಿ ಹೇಳಿದ್ದು ದೇವದೂತ. ಕೊನೆಗೆ ಬಂಧನವಾಗಿ ಪ್ರಧಾನ ಯಾಜಕನ ಮುಂದೆ ನಿಂತಾಗ ಒಬ್ಬ ಕಾವಲಿನವನು ಕೆನ್ನೆಗೆ ಹೊಡೆದ. ಆಗಲೂ ಅವರು ಕೇಳಿದರು: ನಾನು ಹೇಳಿದ್ದು ಸರಿಯಾಗಿದ್ದರೆ ನನ್ನನ್ನು ಹೊಡೆಯುವುದೇಕೆ? ನೀವೂ ಅದೇ ಪ್ರಶ್ನೆ ಕೇಳಬಹುದು.

ಶಿಲುಬೆಯ ಪ್ರೀತಿ ದೊಡ್ಡದು ಯಾಕೆ ಅಂದರೆ ಅದನ್ನು ಯಾರೂ ಬಲವಂತದಿಂದ ಕಿತ್ತುಕೊಳ್ಳಲಿಲ್ಲ. ಕೊಟ್ಟವರಿಗೆ ಕೊಡದೇ ಇರುವ ಶಕ್ತಿ ಇತ್ತು. ಬಲ ಇದ್ದವರು ಬಲ ಇಲ್ಲದವರಿಗಾಗಿ ತಮ್ಮನ್ನೇ ಕೊಟ್ಟರು. ನಿಮ್ಮ ಮನೆಯಲ್ಲಿ ನಡೆಯುತ್ತಿರೋದು ಇದರ ಪೂರ್ತಿ ತಿರುಗುಮುರುಗು. ಬಲ ಇದ್ದವರು ಇಲ್ಲದವರ ನೆಮ್ಮದಿ, ಆರೋಗ್ಯ, ಮಾನ ಎಲ್ಲವನ್ನೂ ದಿನಾ ಕಸಿದುಕೊಳ್ಳುತ್ತಿದ್ದಾರೆ, ಮೇಲಿಂದ ಅದಕ್ಕೆ ತ್ಯಾಗ ಅನ್ನುವ ಹೆಸರನ್ನೂ ಇಡಲಾಗುತ್ತಿದೆ. ಬೈಬಲ್ಲಿನಲ್ಲಿ ಕ್ರಿಸ್ತರ ತ್ಯಾಗವನ್ನು ಮದುವೆಗೆ ಹೋಲಿಸಿದ ಮಾತು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿದೆ. ಕ್ರಿಸ್ತರು ಸಭೆಯನ್ನು ಪ್ರೀತಿಸಿ ತಮ್ಮನ್ನೇ ಅರ್ಪಿಸಿದ ಹಾಗೆ ಪ್ರೀತಿಸಿ ಅಂತ ಅಲ್ಲಿ ಹೇಳಿರೋದು ಗಂಡಂದಿರಿಗೆ. ಆ ಹಿರಿಯರು ಈ ವಚನವನ್ನು ನಿಮ್ಮ ಗಂಡನಿಗೆ ಓದಿ ಹೇಳಬೇಕಿತ್ತು.

‘ಹಾಗಾದರೆ ನಾನು ಕ್ಷಮಿಸಬಾರದೇ’ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕ್ಷಮಿಸಬಹುದು, ನಿಮ್ಮ ಮನಸ್ಸಿಗೆ ಆದಾಗ, ಯಾರ ಅವಸರವೂ ಇಲ್ಲದೆ. ಆದರೆ ಕ್ಷಮಿಸೋದಕ್ಕೂ ಅದೇ ಸೂರಿನ ಕೆಳಗೆ ಮತ್ತೆ ಏಟು ತಿನ್ನೋದಕ್ಕೂ ಸಂಬಂಧವಿಲ್ಲ. ಅವರು ಕುಡಿತ ಬಿಟ್ಟು, ಮಾಡಿದ್ದನ್ನು ಒಪ್ಪಿಕೊಂಡು, ಬದಲಾಗಿದ್ದಾರೆ ಅಂತ ಕಾಲವೇ ತೋರಿಸಿಕೊಟ್ಟರೆ ಆಗ ನೋಡೋಣ. ಅದನ್ನು ಸಾಬೀತು ಮಾಡುವ ಹೊಣೆ ಅವರದು. ಈ ಪುಟ ಓದುತ್ತಿರುವ ಸಭೆಯ ಹಿರಿಯರಿಗೂ ಒಂದು ಮಾತು: ನಿಮ್ಮ ಹತ್ತಿರ ಇಂಥ ಕಷ್ಟ ಹೇಳಿಕೊಂಡು ಬಂದವರನ್ನು ದಯವಿಟ್ಟು ಹಾಗೇ ಮನೆಗೆ ವಾಪಸ್ ಕಳಿಸಬೇಡಿ.

ಪ್ರಶ್ನೆ: ಇಷ್ಟು ದೊಡ್ಡ ಪ್ರೀತಿಯನ್ನು ಸಾಮಾನ್ಯ ಮನುಷ್ಯರು ಬದುಕಿ ತೋರಿಸಿದ್ದಾರಾ?

ಉತ್ತರ: ತೋರಿಸಿದ್ದಾರೆ. 1941ರಲ್ಲಿ ಆಶ್‌ವಿಟ್ಜ್ ಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡ ಅಂತ ನಾಜಿಗಳು ಹತ್ತು ಜನರನ್ನು ಆರಿಸಿ ಉಪವಾಸ ಕೆಡವಿ ಕೊಲ್ಲಲು ಹೊರಟರು. ಆ ಹತ್ತರಲ್ಲಿ ಫ್ರಾನ್ಸಿಶೆಕ್ ಗಯೊವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ. ಸಾಲಿನಿಂದ ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಮುಂದೆ ಬಂದು, ಅವನ ಬದಲು ನಾನು ಹೋಗುತ್ತೇನೆ ಅಂದರು. ಸುಮಾರು ಎರಡು ವಾರ ಅನ್ನವಿಲ್ಲದೆ ಕಳೆದ ಮೇಲೂ ಜೀವ ಹಿಡಿದುಕೊಂಡಿದ್ದ ಅವರನ್ನು ಆಗಸ್ಟ್ 14ರಂದು ವಿಷದ ಇಂಜೆಕ್ಷನ್ ಕೊಟ್ಟು ಕೊಂದರು. 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಸಂತರೆಂದು ಘೋಷಿಸಿದಾಗ ಗಯೊವ್ನಿಚೆಕ್ ಅಲ್ಲೇ ಇದ್ದರು. ಅವರು 1995ರವರೆಗೆ ಬದುಕಿದರು.

ಮೇಲಿನ ಪತ್ರದ ಪಕ್ಕ ಇದನ್ನು ಇಟ್ಟು ನೋಡಿ. ಕೋಲ್ಬೆಯವರಿಗೆ ಯಾರೂ ‘ನೀನು ತಾಳಿಕೋ’ ಅಂತ ಉಪದೇಶ ಮಾಡಲಿಲ್ಲ. ಆ ದಿನ ಅವರ ಹೆಸರನ್ನು ಯಾರೂ ಕರೆದಿರಲೂ ಇಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಮತ ಬದಲಿಸುವ ಯೋಚನೆಯೂ ಇಲ್ಲ. ಈ ವಿಷಯ ಓದಿ ತಿಳಿಯಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾರ್ಕನ ಶುಭಸಂದೇಶದಿಂದ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. 14 ಮತ್ತು 15ನೇ ಅಧ್ಯಾಯವನ್ನು ಒಂದೇ ಕೂತಿನಲ್ಲಿ ಓದಿ, ಬಂಧನದಿಂದ ಸಮಾಧಿಯವರೆಗೆ ಎಲ್ಲವೂ ಅಲ್ಲಿದೆ. ಆಮೇಲೆ ಲೂಕನ 15ನೇ ಅಧ್ಯಾಯದಲ್ಲಿ ಆಸ್ತಿ ಹಾಳು ಮಾಡಿ ಮನೆಗೆ ಮರಳಿದ ಮಗನ ಕಥೆ ಓದಿ. ಅಲ್ಲಿ ಬಲಿಯ ಮಾತೇ ಇಲ್ಲ, ಮಗ ದೂರದಲ್ಲಿ ಕಂಡಾಗಲೇ ಓಡಿಬರುವ ತಂದೆ ಇದ್ದಾನೆ. ಮಾರ್ಕನ ಶಿಲುಬೆ ಮತ್ತು ಲೂಕನ ಈ ತಂದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದರೆ ಕ್ರೈಸ್ತರು ಏನು ನಂಬುತ್ತಾರೆ ಅನ್ನೋದು ಅರ್ಥವಾಗುತ್ತದೆ. ರೋಮನರಿಗೆ ಬರೆದ ಪತ್ರದಿಂದ ಮಾತ್ರ ಶುರು ಮಾಡಬೇಡಿ. ಅದು ಈ ಕಥೆ ಆಗಲೇ ಗೊತ್ತಿದ್ದವರಿಗೆ ಬರೆದದ್ದು, ಮೊದಲ ಓದಿಗೆ ಕಷ್ಟವಾಗುತ್ತದೆ.